ಪೀಣ್ಯದ ಲೇತು ನಿಂತರೆ ಕನ್ನಡಿಗನ ಒಲೆಯೂ ಆರುತ್ತದೆ!



ನವೆಂಬರ್ ತಿಂಗಳು ಬಂತೆಂದರೆ ಬೆಂಗಳೂರಿನ ಒಂದೊಂದು ಆಟೋ ನಿಲ್ದಾಣದಲ್ಲೂ ಹಳದಿ ಕೆಂಪು ಬಾವುಟ ಹಾರುತ್ತದೆ. ಧ್ವನಿವರ್ಧಕ ಮೊಳಗುತ್ತದೆ. ತಾಯಿ ಭುವನೇಶ್ವರಿಯ ಮೆರವಣಿಗೆ ಹೊರಡುತ್ತದೆ. ಸಂತೋಷ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ಆ ಬಾವುಟ ಹಿಡಿದ ಕೈಗೆ ಡಿಸೆಂಬರ್ ಒಂದನೇ ತಾರೀಖು ಸಂಬಳ ಎಣಿಸುವವರು ಯಾರು? ಆ ಕೈ ದುಡಿಯುವ ಜಾಗಕ್ಕೆ ಯಜಮಾನ ಯಾರು?

ಭಾಷೆ ಬದುಕುವುದು ಬಾಯಲ್ಲಿ. ಬಾಯಿ ಬದುಕುವುದು ಅನ್ನದಿಂದ. ಅನ್ನ ಬರುವುದು ಕೈಯಿಂದ. ಈ ಮೂರರ ನಡುವಿನ ದಾರಿಯನ್ನು ಮರೆತು ಬರೀ ನಾಮಫಲಕದ ಅಕ್ಷರ ಎಣಿಸುತ್ತ ಕುಳಿತರೆ, ಫಲಕದ ಮೇಲೆ ಕನ್ನಡ ಇರುತ್ತದೆ, ಅಂಗಡಿಯೊಳಗೆ ಕನ್ನಡಿಗ ಇರುವುದಿಲ್ಲ. ಆದ್ದರಿಂದ ಈ ಬಾರಿ ಮೆರವಣಿಗೆಯ ದಾರಿ ಬಿಟ್ಟು ತುಮಕೂರು ರಸ್ತೆಗೆ ಬನ್ನಿ. ಪೀಣ್ಯದ ಬಗ್ಗೆ ನಾಲ್ಕು ಮಾತು ಆಡುವುದಿದೆ.

ಸಾವಿರ ಚಾವಣಿ, ಒಂದೇ ಕಾರ್ಖಾನೆ

ಮೆಟ್ರೋದಲ್ಲಿ ಕುಳಿತು ನೋಡುವವರಿಗೆ ಪೀಣ್ಯವೆಂದರೆ ಶೀಟಿನ ಚಾವಣಿಗಳು, ಧೂಳು, ಲಾರಿಗಳ ಸಾಲು, ಅಷ್ಟೇ. ಇಲ್ಲಿ ಬೃಹತ್ ಗೋಪುರಗಳಿಲ್ಲ, ಗಾಜಿನ ಗೋಡೆಗಳಿಲ್ಲ. ಹಾಗಾಗಿ ನಮ್ಮ ಹುಡುಗರ ಕಣ್ಣಿಗೆ ಇದು ಕೈಗಾರಿಕೆಯಂತೆಯೇ ಕಾಣುವುದಿಲ್ಲ. ಆದರೆ ಒಳಗೆ ನಡೆಯುವುದೇನು?

ಒಂದು ಪಂಪಿನ ಶಾಫ್ಟನ್ನೇ ತೆಗೆದುಕೊಳ್ಳಿ. ಉಕ್ಕಿನ ವ್ಯಾಪಾರಿ ಸರಳನ್ನು ಅಳತೆಗೆ ಕತ್ತರಿಸಿ ಕೊಡುತ್ತಾನೆ. ಮೊದಲ ಶೆಡ್ಡಿನಲ್ಲಿ ಲೇತಿಗೆ ಹಾಕಿ ಟರ್ನಿಂಗ್ ಮಾಡುತ್ತಾರೆ. ಪಕ್ಕದ ಬೀದಿಯ ಮಿಲ್ಲಿಂಗ್ ಶೆಡ್ಡಿನಲ್ಲಿ ಗಾಡಿ ಕೊರೆಯುತ್ತಾರೆ. ಅಲ್ಲಿಂದ ಹೀಟ್ ಟ್ರೀಟ್‌ಮೆಂಟ್ ಕುಲುಮೆ. ಕಾದು ತಣಿದು ಗಟ್ಟಿಯಾದ ಮೇಲೆ ಗ್ರೈಂಡಿಂಗ್. ಅಲ್ಲಿ ಲೆಕ್ಕ ಕೂದಲೆಳೆಗಿಂತ ಸಣ್ಣದಾದ ಮೈಕ್ರಾನುಗಳಲ್ಲಿ. ಬೇಕಿದ್ದರೆ ಪ್ಲೇಟಿಂಗ್. ಕೊನೆಗೆ ತಪಾಸಣೆ. ಕೆಲಸ ಒಂದು, ಶೆಡ್ಡು ಐದಾರು, ಮಾಲೀಕರು ಐದಾರು. ಇವರನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿರುವುದು ಒಂದು ಲಗೇಜ್ ಆಟೋ ಮತ್ತು ಒಂದು ಡೆಲಿವರಿ ಚಲನ್!

ಇದರ ಗುಟ್ಟೇನು? ಕುಲುಮೆ ದುಬಾರಿ. ಒಬ್ಬ ಸಣ್ಣ ಉತ್ಪಾದಕ ತನ್ನ ಒಂದು ಬುಟ್ಟಿ ಶಾಫ್ಟಿಗಾಗಿ ಕುಲುಮೆ ಕೊಂಡರೆ ಮನೆಮಠ ಮಾರಬೇಕಾಗುತ್ತದೆ. ಆದರೆ ಇಪ್ಪತ್ತು ಶೆಡ್ಡುಗಳ ಬುಟ್ಟಿ ಸೇರಿದರೆ ಕುಲುಮೆ ತುಂಬುತ್ತದೆ, ಖರ್ಚು ಇಪ್ಪತ್ತು ಪಾಲಾಗುತ್ತದೆ. ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಹೀಗಾಗಿ ಪೀಣ್ಯದಲ್ಲಿ ಉದ್ಯಮಿಯಾಗಲು ಇಡೀ ಕಾರ್ಖಾನೆ ಬೇಕಿಲ್ಲ. ಕೈಯಲ್ಲಿ ಕಸುಬು, ಬಾಡಿಗೆಗೊಂದು ಮೂಲೆ, ಹಳೆಯದಾದರೂ ಸರಿ ಒಂದು ಲೇತು ಇದ್ದರೆ ಸಾಕು. ಉಳಿದದ್ದನ್ನು ನೆರೆಹೊರೆ ಒದಗಿಸುತ್ತದೆ. ಉಕ್ಕಿನ ವ್ಯಾಪಾರಿ ಮುಖ ನೋಡಿ ಸಾಲಕ್ಕೆ ಮಾಲು ಕೊಡುತ್ತಾನೆ. ಟೂಲ್ ಅಂಗಡಿಯವನು ಬಿಟ್ಟನ್ನು ಇವತ್ತು ಕೊಟ್ಟು ದುಡ್ಡನ್ನು ಮುಂದಿನ ವಾರ ಕೇಳುತ್ತಾನೆ. ಮಿಷನ್ನು ಕೆಟ್ಟರೆ ರಿಪೇರಿ ಮಾಡುವವನು ಮಧ್ಯಾಹ್ನದೊಳಗೆ ಬರುತ್ತಾನೆ.

ಬ್ಯಾಂಕಿನ ಮ್ಯಾನೇಜರು ಜಾಮೀನು ಕೇಳಿ ವಾಪಸು ಕಳಿಸಿದ ಹುಡುಗನಿಗೂ ಇಲ್ಲಿ ಬಾಗಿಲು ತೆರೆದಿದೆ. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇಂಗ್ಲೆಂಡಿನ ಇಂಥ ಸಣ್ಣ ಕಾರ್ಖಾನೆಗಳ ಊರುಗಳ ಬಗ್ಗೆ ಬರೆದ. ಒಂದೇ ಕಸುಬಿನವರು ಒಂದೇ ಕಡೆ ನೆಲೆಸಿದರೆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಮಕ್ಕಳು ಅರಿವಿಲ್ಲದೆಯೇ ಅದನ್ನು ಕಲಿಯುತ್ತಾರೆ ಎಂಬುದು ಅವನ ಮಾತಿನ ಸಾರ. ಇದನ್ನು ತಿಳಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಚನ್ನಪಟ್ಟಣದ ಅರಗಿನ ಬೊಂಬೆಯವರ ಬೀದಿಗೆ, ಇಳಕಲ್ಲಿನ ನೇಕಾರರ ಓಣಿಗೆ ಹೋದರೂ ಸಾಕು.

ಇದು ಆಕಾಶದಿಂದ ಬೀಳಲಿಲ್ಲ

ಇಂಥ ಜಾಲ ತಾನಾಗಿ ಹುಟ್ಟಿತೇ? ಇಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದೊಡನೆ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. 1948ರಲ್ಲಿ ಐಟಿಐ ಬಂತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯಲ್ಲಿ ಬೇರೂರಿದವು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡಲು ಸಣ್ಣ ಘಟಕಗಳು ಬೇಕಾದವು. ರಾಜಾಜಿನಗರದ ಕೈಗಾರಿಕಾ ವಸಾಹತು ಎದ್ದಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಕೇಂದ್ರದ ಸಂಸ್ಥೆ, ಸಿಎಂಟಿಐ, ಸ್ಥಾಪನೆಯಾಯಿತು. 1966ರ ಕಾಯಿದೆಯಡಿ ಕೆಐಎಡಿಬಿ ಬಂತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅದೇ ದಶಕದಲ್ಲಿ ಪೀಣ್ಯ ಮೈದುಂಬಿತು.

ಅಂದರೆ ಜಮೀನು, ತರಬೇತಿ, ಸಂಶೋಧನೆ, ದೊಡ್ಡ ಗಿರಾಕಿ ಈ ನಾಲ್ಕನ್ನೂ ಸರ್ಕಾರ ಮನಸ್ಸಿಟ್ಟು ಒಂದೆಡೆ ಕೂಡಿಸಿತ್ತು. ಐಟಿಐ, ಡಿಪ್ಲೊಮಾ ಓದಿದ ಹಳ್ಳಿಯ ಹುಡುಗರು ಬಂದರು. ದೊಡ್ಡ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಪಳಗಿದರು. ಅವರಲ್ಲಿ ಎಷ್ಟೋ ಮಂದಿ ಹೊರಬಂದು ಸ್ವಂತ ಶೆಡ್ಡು ಹಾಕಿದರು. ಫಿಟ್ಟರ್ ಆಗಿದ್ದವನು ಯಜಮಾನನಾದ. ಯಾವ ವಿಶ್ವವಿದ್ಯಾಲಯವೂ ಕೊಡದ ಬಡ್ತಿ ಇದು!

ಆಮೇಲೆ ಎಚ್‌ಎಂಟಿಗೆ ಬಡಿದ ಗ್ರಹಣ ನಿಮಗೆ ಗೊತ್ತೇ ಇದೆ. ನಾಡಿನ ಮೂರು ತಲೆಮಾರಿನ ಕೈಗೆ ಗಡಿಯಾರ ಕಟ್ಟಿದ ಆ ಕೈಗಡಿಯಾರ ಘಟಕವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಹೊರಬಿತ್ತು. ಮರ ಉರುಳಿತು. ಆದರೆ ಬೀಜ ಪೀಣ್ಯದ ಶೆಡ್ಡುಗಳಲ್ಲಿ ಆಗಲೇ ಮೊಳೆತಿತ್ತು. ಇವತ್ತಿಗೂ ದೇಶದ ಯಂತ್ರೋಪಕರಣ ತಯಾರಿಕೆಯಲ್ಲಿ ಬೆಂಗಳೂರಿನ ಹೆಸರು ಮುಂಚೂಣಿಯಲ್ಲಿದ್ದರೆ ಅದಕ್ಕೆ ಈ ಬೀಜವೇ ಕಾರಣ.

ಹರಿಹರ ಕಲಿಸಿದ ಪಾಠ

ಇನ್ನೊಂದು ಊರಿನ ಕಥೆ ಕೇಳಿ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು ಎಂದರೆ ದೇಶದ ತುಂಬ ಹೆಸರು. ಊರಿಗೆ ಊರೇ ಅದರ ಸೈರನ್ನಿಗೆ ಎದ್ದು ಅದರ ಸೈರನ್ನಿಗೆ ಮಲಗುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಬಾಗಿಲು ಹಾಕಿದಾಗ ಕಾರ್ಮಿಕರು ಬೀದಿಪಾಲಾದರು. ಅವರ ಜೊತೆಗೆ ಅದನ್ನೇ ನೆಚ್ಚಿಕೊಂಡಿದ್ದ ಸಣ್ಣ ಘಟಕಗಳೂ ನೆಲಕಚ್ಚಿದವು.

ಹರಿಹರದ ಕೈಗಳಿಗೆ ಕಸುಬು ಕಡಿಮೆಯಿತ್ತೇ? ಖಂಡಿತ ಇಲ್ಲ. ಅಲ್ಲಿ ಎಲ್ಲ ಬಳ್ಳಿಗಳೂ ಒಂದೇ ಮರಕ್ಕೆ ಹಬ್ಬಿದ್ದವು, ಅದೇ ಆದ ಅನಾಹುತ. ಒಬ್ಬನೇ ಗಿರಾಕಿಯನ್ನು ನಂಬಿದ ನೂರು ಘಟಕಗಳು ಜಾಲವಾಗುವುದಿಲ್ಲ, ಒಂದೇ ಗೂಟಕ್ಕೆ ಕಟ್ಟಿದ ನೂರು ದನಗಳಾಗುತ್ತವೆ. ಪೀಣ್ಯ ಉಳಿದದ್ದು ಗಿರಾಕಿ ಹಲವರಿದ್ದುದರಿಂದ. ವಿಮಾನದವರ ಆರ್ಡರು ತಗ್ಗಿದರೆ ಮೋಟಾರು ವಾಹನದವರು, ಅವರು ತಗ್ಗಿದರೆ ಪಂಪಿನವರು, ವೈದ್ಯಕೀಯ ಉಪಕರಣದವರು.

ಇದನ್ನು ವಿಧಾನಸೌಧದ ಮೂರನೇ ಮಹಡಿಯಲ್ಲಿ ಕುಳಿತವರು ಗಮನಿಸಬೇಕು. ಪಕ್ಷ ಯಾವುದೇ ಇರಲಿ, ಸರ್ಕಾರಗಳಿಗೆ ಹೂಡಿಕೆದಾರರ ಸಮಾವೇಶವೆಂದರೆ ಜಾತ್ರೆಯ ಸಂಭ್ರಮ. 2025ರ ಫೆಬ್ರುವರಿಯ ಸಮಾವೇಶದಲ್ಲಿ 10 ಲಕ್ಷ ಕೋಟಿ ರೂಪಾಯಿಗೂ ಮೀರಿದ ಹೂಡಿಕೆಯ ಮಾತು ಕೇಳಿಬಂತು. ಬರಲಿ, ಬೇಡವೆಂದವರು ಯಾರು? ಆದರೆ ಹೊರಗಿನಿಂದ ಬಿಡಿಭಾಗ ತಂದು ಇಲ್ಲಿ ಬರೀ ತಿರುಪು ಬಿಗಿದು ಕಳಿಸುವ ಕಾರ್ಖಾನೆ ಬಂದರೆ ನಮಗೆ ದಕ್ಕುವುದು ಕಾವಲುಗಾರನ ಕೆಲಸ, ಕ್ಯಾಂಟೀನಿನ ಕೆಲಸ. ಅದೇ ಕಾರ್ಖಾನೆ ತನ್ನ ಬಿಡಿಭಾಗವನ್ನು ಪೀಣ್ಯದಲ್ಲಿ, ಹುಬ್ಬಳ್ಳಿಯಲ್ಲಿ, ಶಿವಮೊಗ್ಗದ ಫೌಂಡ್ರಿಯಲ್ಲಿ ಮಾಡಿಸಿದರೆ ಒಂದು ರೂಪಾಯಿ ಹತ್ತು ಕೈ ದಾಟಿ ಹೋಗುತ್ತದೆ. ಅಗ್ಗದ ಜಮೀನು, ರಿಯಾಯಿತಿ ವಿದ್ಯುತ್ ಕೊಡುವಾಗಲೇ ಕೇಳಬೇಕಾದ ಪ್ರಶ್ನೆ ಇದು: "ಸ್ವಾಮಿ, ನೀವು ಕೊಳ್ಳುವ ಮಾಲಿನಲ್ಲಿ ಎಷ್ಟು ಪಾಲು ಈ ನೆಲದ ಸಣ್ಣ ಉತ್ಪಾದಕನದು?" ಈ ಪ್ರಶ್ನೆ ಕೇಳುವ ಧೈರ್ಯ ನಮ್ಮವರಿಗೆ ಇದೆಯೇ?

ಮಾಲು ಇವತ್ತು, ದುಡ್ಡು ಮುಂದಿನ ಯುಗಾದಿಗೆ!

ಈಗ ಸಣ್ಣ ಉತ್ಪಾದಕನ ಕತ್ತು ಹಿಸುಕುತ್ತಿರುವ ಕೈ ಯಾವುದೆಂದು ನೋಡೋಣ. ಬಹಳ ಮಂದಿ ಚೀನಾದ ಕಡೆ ಬೆರಳು ತೋರಿಸುತ್ತಾರೆ. ಅದೂ ನಿಜವೇ. ಆದರೆ ಅದಕ್ಕಿಂತ ಹತ್ತಿರದ ಕೈಯೊಂದಿದೆ. ಮಾಲು ಪಡೆದು ದುಡ್ಡು ಕೊಡದ ದೊಡ್ಡ ಗಿರಾಕಿಯ ಕೈ!

ಲೆಕ್ಕ ಹಾಕಿ. ಒಬ್ಬ ಜಾಬ್ ವರ್ಕ್ ಮಾಲೀಕ ತಿಂಗಳಿಗೆ 5 ಲಕ್ಷ ರೂಪಾಯಿಯ ಕೆಲಸ ಮಾಡಿ ಕೊಡುತ್ತಾನೆ ಎನ್ನಿ. ಬಿಲ್ಲಿನ ಹಣ ನಾಲ್ಕು ತಿಂಗಳು ತಡವಾದರೆ ಅವನ 20 ಲಕ್ಷ ರೂಪಾಯಿ ಸದಾ ಇನ್ನೊಬ್ಬರ ಜೇಬಿನಲ್ಲಿರುತ್ತದೆ. ಅಷ್ಟು ಹಣಕ್ಕೆ ಅವನು ನೂರಕ್ಕೆ 12ರ ಬಡ್ಡಿಯಲ್ಲಿ ಸಾಲ ಮಾಡಿದರೆ ವರ್ಷಕ್ಕೆ 2 ಲಕ್ಷ 40 ಸಾವಿರ, ತಿಂಗಳಿಗೆ 20 ಸಾವಿರ ಬಡ್ಡಿ. ಅಂದರೆ ಒಬ್ಬ ಕೆಲಸಗಾರನ ಸಂಬಳ! ಕರೆಂಟಿನ ಬಿಲ್ಲು, ಬಾಡಿಗೆ, ಶನಿವಾರದ ಬಟವಾಡೆ ಯಾವುದೂ ನಾಲ್ಕು ತಿಂಗಳು ಕಾಯುವುದಿಲ್ಲ. ಸಣ್ಣವನು ದೊಡ್ಡವನಿಗೆ ಬಡ್ಡಿಯಿಲ್ಲದ ಸಾಲ ಕೊಡುವ ವಿಚಿತ್ರ ವ್ಯವಸ್ಥೆ ಇದು.

ಕಾನೂನು ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ ಬರಹದಲ್ಲಿ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರು ಸಲ್ಲಿಸಲು 2017ರಿಂದ 'ಸಮಾಧಾನ್' ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಸಾಲದ್ದಕ್ಕೆ 2023ರಲ್ಲಿ ಆದಾಯ ತೆರಿಗೆ ಕಾಯಿದೆಗೆ ತಿದ್ದುಪಡಿ ತಂದು, ಸಣ್ಣವರಿಗೆ ಅವಧಿಯೊಳಗೆ ಹಣ ಕೊಡದಿದ್ದರೆ ಹಣ ಕೊಡುವವರೆಗೂ ಆ ಬಾಬ್ತನ್ನು ಖರ್ಚೆಂದು ತೋರಿಸುವಂತಿಲ್ಲ ಎಂದು ಕಟ್ಟು ಮಾಡಲಾಯಿತು.

ಹಾಗಾದರೆ ತೊಂದರೆ ಎಲ್ಲಿ? ಭಯದಲ್ಲಿ! ದೂರು ಕೊಟ್ಟ ಮರುದಿನವೇ ಆರ್ಡರು ಪಕ್ಕದ ಶೆಡ್ಡಿಗೆ ಹೋಗುತ್ತದೆ. ಒಬ್ಬನೇ ಕೂಗಿದರೆ ಕತ್ತು ಹೋಗುತ್ತದೆ. ಹಾಗಾದರೆ ಒಟ್ಟಾಗಿ ಕೂಗಬೇಕು. ಮಾಲು ಸಾಗಿಸಲು, ಕುಲುಮೆ ತುಂಬಿಸಲು ಒಂದಾಗುವ ಶೆಡ್ಡುಗಳು ಹಣ ಕೇಳುವಾಗ ಮಾತ್ರ ಬೇರೆಬೇರೆ ಆಗುವುದೇಕೆ? ಸಂಘಗಳು ತಮ್ಮ ಸದಸ್ಯರ ಹೆಸರು ಹೇಳದೆ, ತಡ ಮಾಡುವ ಗಿರಾಕಿಗಳ ಪಟ್ಟಿಯನ್ನು ಒಟ್ಟಾಗಿ ಸರ್ಕಾರದ ಮುಂದಿಡಲಿ. ರಾಜ್ಯ ಸರ್ಕಾರದ ನಿಗಮ ಮಂಡಳಿಗಳು ಮೊದಲು ತಮ್ಮ ಬಾಕಿಯನ್ನು ತಾವೇ ಪ್ರಕಟಿಸಿ ಮೇಲ್ಪಂಕ್ತಿ ಹಾಕಲಿ.

ಕಿತ್ತ ರಸ್ತೆ, ಕೈಬಿಟ್ಟ ಗಡಿ

ಜಾಲದ ಜೀವ ಇರುವುದು ಓಡಾಟದಲ್ಲಿ. ಒಂದೇ ದಿನದಲ್ಲಿ ಮೂರು ಶೆಡ್ಡು ಸುತ್ತಬೇಕಾದ ಮಾಲು ಗುಂಡಿಯಲ್ಲಿ ಸಿಕ್ಕಿಕೊಂಡರೆ ಹತ್ತಿರವಿದ್ದೂ ದೂರವೇ. 2021ರ ಡಿಸೆಂಬರಿನಲ್ಲಿ ದೋಷ ಕಂಡು ಮುಚ್ಚಿದ ಪೀಣ್ಯ ಮೇಲ್ಸೇತುವೆಯಲ್ಲಿ ಭಾರಿ ವಾಹನಗಳಿಗೆ ಮತ್ತೆ ದಾರಿ ಸಿಕ್ಕಿದ್ದು 2024ರಲ್ಲಿ. ಎರಡೂವರೆ ವರ್ಷ! ನೋಟು ರದ್ದತಿ, ಜಿಎಸ್‌ಟಿ, 2020ರ ಲಾಕ್‌ಡೌನ್‌ಗಳ ಪೆಟ್ಟು ತಿಂದು ಎದ್ದು ನಿಂತವರಿಗೆ ಇದು ಬೋನಸ್ಸು!

ಬೆಳಗಾವಿಯ ಕಡೆ ನೋಡಿ. ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ ಘಟಕಗಳು ಪೀಣ್ಯದಂಥದೇ ಇನ್ನೊಂದು ಜಾಲ. ಪ್ಯಾಟರ್ನ್ ಮಾಡುವವನು, ಎರಕ ಹೊಯ್ಯುವವನು, ಮಷಿನಿಂಗ್ ಮಾಡುವವನು ಎಲ್ಲ ಒಂದೇ ಸುತ್ತಿನಲ್ಲಿದ್ದಾರೆ. ಗಡಿ ದಾಟಿದರೆ ಮಹಾರಾಷ್ಟ್ರದ ಶಿನ್ನೋಳಿ ಕೈಗಾರಿಕಾ ಪ್ರದೇಶ ಕೈಬೀಸಿ ಕರೆಯುತ್ತದೆ. ಬೆಳಗಾವಿ ನಮ್ಮದು ಎಂದು ಗಂಟಲು ಹರಿಯುವಂತೆ ಕೂಗುವ ನಾವು, ಅಲ್ಲಿನ ಒಂದು ಫೌಂಡ್ರಿ ಗಡಿಯಾಚೆ ಹೋದರೆ ನೂರು ಮನೆಯ ಅನ್ನವೂ ಅದರ ಹಿಂದೆ ಹೋಗುತ್ತದೆ ಎಂಬುದನ್ನು ಯೋಚಿಸಿದ್ದೇವೆಯೇ? ಗಡಿಯನ್ನು ಕಲ್ಲು ನೆಟ್ಟು ಕಾಯುವುದು ಒಂದು ಬಗೆ. ವಿದ್ಯುತ್ತು, ರಸ್ತೆ, ಜಮೀನು ಕೊಟ್ಟು ಕಾಯುವುದು ಇನ್ನೊಂದು ಬಗೆ. ಎರಡನೆಯದು ಗಟ್ಟಿ.

ಹುಡುಗರು ಎಲ್ಲಿ ಹೋದರು?

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಇವತ್ತು ಪೀಣ್ಯದ ಶೆಡ್ಡುಗಳಲ್ಲಿ ಬಿಹಾರದ, ಒಡಿಶಾದ ಹುಡುಗರು ಬೆವರು ಸುರಿಸುತ್ತಿದ್ದಾರೆ. ಅವರನ್ನು ಬೈಯುವುದು ಸುಲಭ. ಆದರೆ ನ್ಯಾಯವಲ್ಲ. ಸಾವಿರಾರು ಮೈಲಿ ದೂರದಿಂದ ಬಂದು ದುಡಿಯುವವನು ನಮ್ಮ ಅನ್ನ ಕಿತ್ತುಕೊಂಡಿಲ್ಲ. ನಾವು ಬೇಡವೆಂದು ಬಿಟ್ಟೆದ್ದ ಎಲೆಯ ಮುಂದೆ ಕುಳಿತಿದ್ದಾನೆ.

ನಮ್ಮ ಹುಡುಗರಿಗೆ ಕೈಗೆ ಗ್ರೀಸು ಮೆತ್ತಿದರೆ ಅವಮಾನ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಪರದೇಶದವರ ದೂರು ಕೇಳಿದರೆ ಮಾನ! ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಕ್ಯಾಲೆಂಡರಿನ ಗಾದೆಯಾಗಿ ಉಳಿದಿದೆ. ಶೆಡ್ಡಿನ ಯಜಮಾನರೇ ತಮ್ಮ ಮಕ್ಕಳನ್ನು ಸಾಫ್ಟ್‌ವೇರಿಗೆ ಕಳಿಸಿ, ವಯಸ್ಸಾದ ಮೇಲೆ ಶೆಡ್ಡನ್ನು ಗೋದಾಮಿಗೆ ಬಾಡಿಗೆ ಕೊಡುತ್ತಿದ್ದಾರೆ. ಒಂದು ಲೇತಿನ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಒಂದು ಕೊಂಡಿ ಕಳಚಿದರೆ ಉಳಿದ ಐದು ಶೆಡ್ಡುಗಳ ಕೆಲಸವೂ ಕೊಯಮತ್ತೂರಿಗೋ ಪುಣೆಗೋ ರಾಜಕೋಟೆಗೋ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು ನಾವು ಉದ್ಯೋಗದಲ್ಲಿ ಕನ್ನಡಿಗರ ಪಾಲು ಕೇಳುತ್ತಲೇ ಬಂದಿದ್ದೇವೆ. 2024ರ ಜುಲೈನಲ್ಲಿ ಸಚಿವ ಸಂಪುಟ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಹುಬ್ಬು ಗಂಟಿಕ್ಕಿದ ಕೂಡಲೇ ತಡೆಹಿಡಿಯಿತು. ಆ ಹಕ್ಕಿನ ಕೇಳಿಕೆ ಹಾಗೇ ಇರಲಿ. ಆದರೆ ಕೆಲಸ ಕೇಳುವ ಕನ್ನಡಿಗ ಸದಾ ಇನ್ನೊಬ್ಬರ ಬಾಗಿಲಲ್ಲಿ ನಿಂತಿರುತ್ತಾನೆ. ಕೆಲಸ ಕೊಡುವ ಕನ್ನಡಿಗನಿಗೆ ಮಸೂದೆಯ ಹಂಗಿಲ್ಲ. ನಾಲ್ಕು ಜನಕ್ಕೆ ಕೆಲಸ ಕೊಡುವ ಸಾವಿರ ಶೆಡ್ಡು ಎದ್ದರೆ ನಾಲ್ಕು ಸಾವಿರ ಉದ್ಯೋಗ, ಸಾವಿರ ಯಜಮಾನರು. ಶೆಡ್ಡಿನಲ್ಲಿ ಆಡುವ ಮಾತು ಯಜಮಾನನ ಮಾತು. ಒಡಿಶಾದ ಹುಡುಗನೂ ಆರು ತಿಂಗಳಲ್ಲಿ ಕನ್ನಡ ಕಲಿಯುವುದು ಅಲ್ಲೇ, ಯಾವ ಚಳವಳಿಯೂ ಇಲ್ಲದೆ!

ಸಣ್ಣದೆಲ್ಲ ಸಾಚಾ ಅಲ್ಲ

ಇಷ್ಟು ಹೇಳಿ ಇನ್ನೊಂದು ಮುಖ ಮುಚ್ಚಿಟ್ಟರೆ ಓದುಗರಿಗೆ ಮೋಸ. ಸಣ್ಣ ಘಟಕಗಳಲ್ಲಿ ಸಂಬಳ ಕಡಿಮೆ, ಇಎಸ್‌ಐ, ಪಿಎಫ್ ತಪ್ಪಿಸುವವರು ಉಂಟು. ಪ್ರೆಸ್ಸಿನ ಕೆಳಗೆ ಬೆರಳು ಕಳೆದುಕೊಂಡವರು ಉಂಟು. ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಪೀಣ್ಯದ ಅಂತರ್ಜಲಕ್ಕೆ ವಿಷವಿಕ್ಕಿದೆ. ಇದನ್ನು ಸಮರ್ಥಿಸುವುದು ನಾಡಪ್ರೇಮವಲ್ಲ. ನಮ್ಮ ಹುಡುಗರು ಶೆಡ್ಡಿಗೆ ಬೆನ್ನು ತಿರುಗಿಸಿದ್ದಕ್ಕೆ ಬರೀ ಮೇಲರಿಮೆ ಕಾರಣವಲ್ಲ, ಇದೂ ಕಾರಣ.

ಆದರೆ ಇದಕ್ಕೂ ಮದ್ದು ಜಾಲದಲ್ಲೇ ಇದೆ. ಒಬ್ಬ ಪ್ಲೇಟಿಂಗ್ ಮಾಲೀಕ ತ್ಯಾಜ್ಯ ಶುದ್ಧೀಕರಣದ ಸ್ಥಾವರ ಕಟ್ಟಲಾರ. ಐವತ್ತು ಮಂದಿ ಸೇರಿದರೆ, ಸರ್ಕಾರ ಕೈಜೋಡಿಸಿದರೆ ಸಾಮೂಹಿಕ ಸ್ಥಾವರ ನಡೆಯುತ್ತದೆ. ಕುಲುಮೆಯನ್ನು ಹಂಚಿಕೊಂಡವರು ಚರಂಡಿಯ ಜವಾಬ್ದಾರಿಯನ್ನೂ ಹಂಚಿಕೊಳ್ಳಲಿ.

ಇನ್ನು ಕೆಲವರು ಕೇಳುತ್ತಾರೆ: ಸಣ್ಣವರಿಗೆ ಊರುಗೋಲು ಎಷ್ಟು ದಿನ? ಊರುಗೋಲಿನ ಕಾಲ ಮುಗಿದಿದೆ. 1967ರಲ್ಲಿ ಶುರುವಾದ, ಸಣ್ಣ ಕೈಗಾರಿಕೆಗಳಿಗೆ ಸರಕುಗಳನ್ನು ಮೀಸಲಿಡುವ ಪದ್ಧತಿಯ ಕೊನೆಯ 20 ಸರಕುಗಳನ್ನೂ 2015ರಲ್ಲಿ ಪಟ್ಟಿಯಿಂದ ತೆಗೆದಾಯಿತು. ಪೀಣ್ಯ ಆಮೇಲೂ ನಿಂತಿದೆ. ಅದು ಕೇಳುತ್ತಿರುವುದು ಭಿಕ್ಷೆಯಲ್ಲ. ಮಾಡಿದ ಕೆಲಸಕ್ಕೆ ಹೊತ್ತಿಗೆ ಹಣ, ನಡೆಯಲು ರಸ್ತೆ, ಕಲಿತು ಬರುವ ಹುಡುಗರು, ಇಷ್ಟೇ.

ನಾವು ಮಾಡಬೇಕಾದದ್ದು

ಮೊದಲನೆಯದು, ಕಸುಬು ಕನ್ನಡಕ್ಕೆ ಬರಬೇಕು. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಅದಕ್ಕಿಂತ ತುರ್ತಾಗಿ ಬೇಕಿರುವುದು ಐಟಿಐ ಹುಡುಗನಿಗೆ ಸಿಎನ್‌ಸಿ ಪ್ರೋಗ್ರಾಮಿಂಗ್, ಡ್ರಾಯಿಂಗ್ ಓದುವುದು, ಅಳತೆಯ ತಪಾಸಣೆ ಇವುಗಳಿಗೆ ಒಳ್ಳೆಯ ಕನ್ನಡ ಕೈಪಿಡಿಗಳು. ಲೇತನ್ನು ಲೇತೆಂದೇ ಕರೆಯೋಣ, ಪಂಡಿತರ ಪದ ಬೇಡ. ವಿವರಣೆ ಮಾತ್ರ ಕನ್ನಡದಲ್ಲಿರಲಿ.

ಎರಡನೆಯದು, ಕಾಗದ ಕನ್ನಡಕ್ಕೆ ಬರಬೇಕು. ಸಾಲದ ಅರ್ಜಿ, ಟೆಂಡರಿನ ಷರತ್ತು, 45 ದಿನದ ಕಾಯಿದೆ ಇವು ಶೆಡ್ಡಿನ ಯಜಮಾನನಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ತನ್ನ ಹಕ್ಕು ಯಾವ ಭಾಷೆಯಲ್ಲಿದೆ ಎಂದೇ ಗೊತ್ತಿಲ್ಲದವನು ಹಕ್ಕು ಕೇಳುವುದು ಹೇಗೆ?

ಮೂರನೆಯದು, ಸರ್ಕಾರದ ಖರೀದಿ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ನೂರಕ್ಕೆ 25ನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕೆಂಬ ನಿಯಮವಿದೆ. ನಮ್ಮ ನೆಲದಲ್ಲಿರುವ ಉದ್ದಿಮೆಗಳು ಅದರಲ್ಲಿ ಎಷ್ಟನ್ನು ನಮ್ಮ ಸಣ್ಣ ಉತ್ಪಾದಕರಿಂದ ಕೊಂಡವು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ. ಟೈರಿಗೆ ಬೆಂಕಿ ಹಚ್ಚುವುದಕ್ಕಿಂತ ಹತ್ತು ರೂಪಾಯಿಯ ಆ ಅರ್ಜಿ ಹೆಚ್ಚು ಸುಡುತ್ತದೆ.

ನಾಲ್ಕನೆಯದು, ನೀವು. 1961ರ ಅಪ್ರೆಂಟಿಸ್ ಕಾಯಿದೆಯಡಿ ಕಲಿಯುತ್ತಲೇ ಭತ್ಯೆ ಪಡೆಯುವ ದಾರಿ ಇದೆ. ಡಿಪ್ಲೊಮಾ ಮುಗಿಸಿದ ಹುಡುಗರು, ಹುಡುಗಿಯರೂ ಸಹ, ಎರಡು ವರ್ಷ ಪೀಣ್ಯದಲ್ಲಿ ಕಳೆಯಿರಿ. ಯಾರ ಕುಲುಮೆ ಚೆನ್ನ, ಯಾರ ಗ್ರೈಂಡಿಂಗ್ ನಂಬಿಕಸ್ಥ, ಯಾರು ಹೊತ್ತಿಗೆ ದುಡ್ಡು ಕೊಡುತ್ತಾರೆ, ಈ ಮೂರು ತಿಳಿದವನಿಗೆ ಮೂರನೇ ವರ್ಷ ಸ್ವಂತ ಮಿಷನ್ನಿಗೆ ಕೈಹಾಕುವ ಧೈರ್ಯ ಬರುತ್ತದೆ. ಸಂಘಟನೆಗಳ ಶಾಖೆಗಳು ರಾಜ್ಯೋತ್ಸವದ ಚಂದಾದಲ್ಲಿ ಒಂದು ಪಾಲು ತೆಗೆದು ವರ್ಷಕ್ಕೆ ಇಬ್ಬರು ಬಡ ಹುಡುಗರ ಟೂಲ್ ರೂಮ್ ತರಬೇತಿಯ ಶುಲ್ಕ ಕಟ್ಟಲಿ. ಆರ್ಕೆಸ್ಟ್ರಾ ಒಂದು ರಾತ್ರಿಗೆ ಮುಗಿಯುತ್ತದೆ, ಕಸುಬು ಒಂದು ಜನ್ಮಕ್ಕೆ ಇರುತ್ತದೆ.

ಕನ್ನಡಿಗ ಸೋಮಾರಿ, ಕನ್ನಡಿಗನಿಗೆ ವ್ಯವಹಾರ ಬಾರದು ಎಂದು ಹಂಗಿಸುವವರಿದ್ದಾರೆ. ಅವರಿಗೆ ಭಾಷಣದಲ್ಲಿ ಉತ್ತರ ಕೊಡುವುದು ಬೇಡ. ಹತ್ತು ಮೈಕ್ರಾನಿನ ಅಳತೆಗೆ ತಪ್ಪದೆ ಕೂರುವ ಒಂದು ಶಾಫ್ಟನ್ನು ಅವರ ಮೇಜಿನ ಮೇಲೆ ಇಟ್ಟು, ಜೊತೆಗೆ ಕನ್ನಡದಲ್ಲಿ ಬರೆದ ಬಿಲ್ಲನ್ನೂ ಇಡಿ. 45 ದಿನದೊಳಗೆ ಹಣ ಕೇಳಿ!